ವಾರಕ್ಕೊಂದು ಹಾಡು, ಜೊತೆಗೊಂದು ಪತ್ರ

ಅಕ್ಕ ಹಲ್ಲಿನ ಡಾಕ್ಟರ ಹತ್ತಿರದ ಕೆಲಸ ಬಿಟ್ಟು ಬಂದ ದಿನ ನಮ್ಮ ಮನೆಯಲ್ಲಿ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ ಇತ್ತು. ಇಷ್ಟು ವರ್ಷವಾದರೂ ಅದು ನೆನಪಿರುವುದಕ್ಕೆ ಕಾರಣವಿದೆ. ಆ ಆಲೂಗಡ್ಡೆಯನ್ನು ಅಂದು ಯಾರೂ ಮುಟ್ಟಲಿಲ್ಲ.

"ಬಿಟ್ಟೆ ಅಂದ್ರೆ ಏನರ್ಥ?" ಅಂದಳು ಅಮ್ಮ.

"ಬಿಟ್ಟೆ ಅಂದ್ರೆ ಬಿಟ್ಟೆ. ನಾಳೆಯಿಂದ ಹೋಗಲ್ಲ."

"ಡಾಕ್ಟರ್ ಏನಾದ್ರೂ ಅಂದ್ರಾ?"

"ಅವರು ಪಾಪ ಏನೂ ಅನ್ಲಿಲ್ಲ. ಹಾಡಿಗೆ ಟೈಮು ಸಾಲ್ತಿಲ್ಲ ಅಮ್ಮ."

ಅಜ್ಜಿಗೆ ಕಿವಿ ಮಂದ. "ಸಾಲದಿದ್ರೆ ಇನ್ನೊಂದು ಸೌಟು ಬಡಿಸೇ, ಅದಕ್ಕೇನು ಇಷ್ಟೊಂದು ಮಾತು," ಅಂದಳು.

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಸಿಟಿ ಬಸ್ಸಿನ ಡ್ರೈವರು. ಬೆಳಗಿನ ಐದಕ್ಕೆ ಮನೆ ಬಿಟ್ಟು ಮಧ್ಯಾಹ್ನ ಎರಡೂವರೆಗೆ ಬರುತ್ತಿದ್ದರು. ದಿನವಿಡೀ ಹಾರನ್ ಕೇಳಿದವರಿಗೆ ಮನೆಯೊಳಗಿನ ಗಲಾಟೆ ಗಲಾಟೆಯೇ ಅಲ್ಲ ಎಂದು ಅಮ್ಮ ದೂರುತ್ತಿದ್ದಳು.

ಆಗ ನಮ್ಮದು ಸಾಲಾಗಿ ನಾಲ್ಕು ಕೋಣೆಯ ಬಾಡಿಗೆ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಮ್ಮನ ಆಲ್ಟರೇಶನ್ ಅಂಗಡಿ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಪ್ಯಾಂಟಿನ ಉದ್ದ ಇಳಿಸುವುದು, ಸೊಂಟ ಬಿಡುವುದು, ಜಿಪ್ಪು ಹಾಕುವುದು, ಬೆಳೆಯುವ ಮಕ್ಕಳ ಯೂನಿಫಾರ್ಮನ್ನು ಇನ್ನೊಂದು ವರ್ಷಕ್ಕೆ ಎಳೆಯುವುದು, ಇಷ್ಟೇ. ಅಜ್ಜಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಗುಂಡಿ ಹಚ್ಚುತ್ತಿದ್ದಳು. ಕಣ್ಣಿಗಿಂತ ಬೆರಳಿಗೆ ಹೆಚ್ಚು ಕಾಣುತ್ತದೆ ಅನ್ನುವ ವಯಸ್ಸು ಅವಳದು. ಅಂಗಡಿಯ ಹಿಂದಿನ ಗೋಡೆಗೆ ಉದ್ದಕ್ಕೂ ಕಟ್ಟಿದ ಕಬ್ಬಿಣದ ಸರಳಿನಲ್ಲಿ ಕೆಲಸ ಮುಗಿದ ಬಟ್ಟೆಗಳು ನೇತಾಡುತ್ತಿದ್ದವು. ಆ ಬಟ್ಟೆಗಳ ನಡುವೆ ನಿಂತು ಅಕ್ಕ ಹಾಡುತ್ತಿದ್ದಳು.

ಅದು ಅವಳೇ ಕಂಡುಕೊಂಡದ್ದು. ಬರೀ ಗೋಡೆಯ ಕೋಣೆಯಲ್ಲಿ ಹಾಡಿದರೆ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಕೋಟು, ಪ್ಯಾಂಟುಗಳ ನಡುವೆ ನಿಂತರೆ ಬಟ್ಟೆ ಗದ್ದಲವನ್ನೆಲ್ಲ ಕುಡಿದುಬಿಡುತ್ತದೆ. ಹಾಗಾಗಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಅಮ್ಮ ಮಷೀನು ನಿಲ್ಲಿಸಬೇಕಿತ್ತು.

"ಒಂದು ಗಂಟೆ ಅಂದ್ರೆ ನಾಲ್ಕು ಪ್ಯಾಂಟು," ಅನ್ನುತ್ತಿದ್ದಳು ಅಮ್ಮ, ಚಕ್ರಕ್ಕೆ ಕೈ ಅಡ್ಡ ಹಿಡಿದು. "ನಿನ್ನ ಹಾಡು ನಾಲ್ಕು ಪ್ಯಾಂಟಿನಷ್ಟಾದ್ರೂ ದುಡೀಲಿ."

ದುಡಿಯಲೇ ಇಲ್ಲ ಅನ್ನುವಂತಿಲ್ಲ, ದುಡಿಯಿತು ಅನ್ನುವಂತೆಯೂ ಇಲ್ಲ. ಮೊದಲ ವರ್ಷ ನೆಟ್ಟಿಗೆ ಹಾಕಿದ ಅವಳ ಒಂದು ಹಾಡನ್ನು ಒಂದೇ ವಾರದಲ್ಲಿ ಎರಡು ಲಕ್ಷ ಜನ ಕೇಳಿದರು. ಚಿಕ್ಕಮ್ಮ ಫೋನು ಮಾಡಿ ಅತ್ತಳು. ಅಪ್ಪನ ಡಿಪೋದಲ್ಲಿ ಚಹಾ ಹಂಚಿದರು. ಮುಂದಿನ ವಾರದ ಹಾಡನ್ನು ಕೇಳಿದವರು ಮೂರು ಸಾವಿರ. ಅದರ ಮುಂದಿನದನ್ನು ಎಂಟುನೂರು. ಎರಡು ಲಕ್ಷಕ್ಕೆ ಕೈಗೆ ಬಂದ ಹಣದಲ್ಲಿ ಗಿಟಾರಿಗೆ ಒಂದು ಜೊತೆ ತಂತಿ ಬಂತು. ಅದೂ ಸಾಧಾರಣದ್ದು.

"ಬಂದು ಹೋಗೋ ಲಕ್ಷ ಜನ ಬೇಡ ಕಣೇ," ಅಂದಿದ್ದಳು ಅಕ್ಕ ನನಗೆ. "ಇದ್ದು ಕೇಳೋ ಐನೂರು ಜನ ಸಾಕು."

ಅಂದಿನಿಂದ ಪ್ರತಿ ಹಾಡಿನ ಕೊನೆಯಲ್ಲೂ ಅವಳು ಕೇಳಿದವರ ಇಮೇಲ್ ವಿಳಾಸ ಕೇಳತೊಡಗಿದಳು. ತಿಂಗಳಿಗೆ ಒಂದು ಸಿನಿಮಾ ಟಿಕೆಟಿನಷ್ಟು ಕೊಟ್ಟವರಿಗೆ ಗುರುವಾರ ಸಂಜೆ ಹೊಸ ಹಾಡು ಹೋಗುತ್ತಿತ್ತು, ಜೊತೆಗೊಂದು ಪತ್ರ. ಮಿಕ್ಕ ಲೋಕಕ್ಕೆ ಅದೇ ಹಾಡು ಶನಿವಾರ, ಪತ್ರವಿಲ್ಲದೆ.

ತೊಡಕು ಪತ್ರದಲ್ಲಿತ್ತು. ಅಕ್ಕನಿಗೆ ಹಾಡು ಬರೆಯಲು ಬರುತ್ತಿತ್ತು, ಪತ್ರ ಬರೆಯಲು ಬರುತ್ತಿರಲಿಲ್ಲ. ಅವಳ ಮೊದಲ ಪತ್ರ ಹೀಗಿತ್ತು: "ನಮಸ್ಕಾರ. ಈ ವಾರದ ಹಾಡು ಕೆಳಗಿದೆ. ಕೇಳಿ."

"ಇದೇನೇ, ಕರೆಂಟ್ ಬಿಲ್ಲು ಬಂದ ಹಾಗಿದೆ," ಅಂದೆ.

"ಹಾಗಾದ್ರೆ ನೀನೇ ಬರಿ, ಮಹಾ ಬರೆಯೋಳು."

ಬರೆದೆ. ನನಗಾಗ ಇಪ್ಪತ್ತು, ಕಾಲೇಜಿನ ಕೊನೆಯ ವರ್ಷ. ಅಕ್ಕನಿಗೆ ಇಪ್ಪತ್ತಾರು. ಅವಳ ಹೆಸರಿನಲ್ಲಿ, ಅವಳೇ ಮಾತಾಡಿದಂತೆ, ಆ ವಾರದ ಹಾಡಿನ ನಡುವೆ ಯಾಕೆ ಒಂದು ಕೆಮ್ಮು ಕೇಳುತ್ತದೆ ಅನ್ನುವುದನ್ನು ಬರೆದೆ. ಕೆಮ್ಮಬೇಡ ಎಂದು ಅಜ್ಜಿಗೆ ಸನ್ನೆ ಮಾಡಿದ್ದು, ಅವಳು ಅದನ್ನು ನೀರು ಬೇಕಾ ಎಂದು ತಿಳಿದುಕೊಂಡು ಬೇಡ ಎಂದು ತಲೆಯಾಡಿಸಿ ಕೆಮ್ಮಿದ್ದು. ಅಷ್ಟೇ. ಮರುದಿನ ನಲವತ್ತು ಜನ ಉತ್ತರ ಬರೆದಿದ್ದರು. ಅಜ್ಜಿ ಹೇಗಿದ್ದಾರೆ ಎಂದು ಕೇಳಿದ್ದರು.

ಹಾಗೆ ಶುರುವಾಯಿತು. ಕೇಳುಗರು ತಮ್ಮ ನಿಜ ಹೆಸರು ಹಾಕುತ್ತಿದ್ದದ್ದು ಕಡಿಮೆ. ಒಬ್ಬರು 'ಹಸಿರು ಛತ್ರಿ'. ಒಬ್ಬರು 'ಗೋದಾಮು', ಯಾವುದೋ ಗೋದಾಮಿನ ಕಾವಲುಗಾರ. 'ಆರನೇ ವಾರ್ಡ್' ಅನ್ನುವವರು ಆಸ್ಪತ್ರೆಯ ನರ್ಸು, ಪ್ರತಿ ಶುಕ್ರವಾರ ತಪ್ಪದೆ ನಾಲ್ಕು ಸಾಲು ಬರೆಯುತ್ತಿದ್ದರು. ನೂರಿಪ್ಪತ್ತು ಇದ್ದವರು ಮೂವತ್ತು ವಾರಗಳಲ್ಲಿ ನಾನೂರು ಹನ್ನೆರಡಾದರು. ಆ ನಾನೂರು ಹನ್ನೆರಡನ್ನು ನಂಬಿ ಅಕ್ಕ ಕೆಲಸ ಬಿಟ್ಟದ್ದು.

*

ಕೆಲಸ ಬಿಟ್ಟು ಎರಡು ವಾರವಾಗಿರಬಹುದು, ಒಬ್ಬ ಹೆಂಗಸು ಅಂಗಡಿಗೆ ಬಂದಳು. ನಾನು ಇಸ್ತ್ರಿ ಮಾಡುತ್ತಿದ್ದೆ. ಕೈಯಲ್ಲೊಂದು ಜಾಕೆಟ್ಟು. "ಜಿಪ್ಪು ಹೋಗಿದೆ," ಅಂದಳು. ಅಮ್ಮ ಎಳೆದು ನೋಡಿದಳು. ಜಿಪ್ಪು ಸಲೀಸಾಗಿ ಮೇಲೆ ಹೋಯಿತು, ಸಲೀಸಾಗಿ ಕೆಳಗೆ ಬಂತು.

"ಚೆನ್ನಾಗೇ ಇದೆಯಲ್ಲಮ್ಮ."

ಆ ಹೆಂಗಸು ನಕ್ಕಳು. "ಎರಡು ಬಸ್ಸು ಬದಲಾಯಿಸಿ ಬಂದೆ ಅಮ್ಮಾವ್ರೇ. ನೀರಿನ ಟ್ಯಾಂಕು, ಅದರ ಎದುರಿಗೆ ಹೆಸರಿಲ್ಲದ ಬೋರ್ಡು ಅಂತ ಓದಿದ್ದೆ, ಸರಿಯಾಗಿ ಸಿಕ್ತು. ನಿಮ್ಮ ಮಂಡಿ ಈಗ ಹೇಗಿದೆ? ಇವರೇ ಅಲ್ವಾ ಅಜ್ಜಿ? ಚಹಾದಲ್ಲಿ ಬಿಸ್ಕತ್ತು ಮುರಿದು ಬಿದ್ರೆ ನಿಮ್ಮನ್ನ ಬೈಯೋರು?"

ಅಮ್ಮ ಜಾಕೆಟ್ಟನ್ನು ಮಡಿಸಿ ಅವಳ ಕೈಗೆ ಕೊಟ್ಟಳು. "ನಂಗೆ ಕೆಲಸ ಇದೆ," ಅಂದಳು. ಆ ಹೆಂಗಸು ಮುಖ ಸಣ್ಣ ಮಾಡಿಕೊಂಡು ಹೋದಳು. ಅವಳೇ ಹಸಿರು ಛತ್ರಿ ಎಂದು ನನಗೆ ಆಮೇಲೆ ಗೊತ್ತಾಯಿತು.

ಅಂದು ಅಂಗಡಿಯ ಬಾಗಿಲು ಐದಕ್ಕೇ ಎಳೆಯಲಾಯಿತು. ಅಪ್ಪ ಮಲಗಿ ಎದ್ದಿದ್ದರು. ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

"ನನ್ನ ಮಂಡಿ ವಿಷಯ ಊರಿಗೆಲ್ಲ ಹೇಗೆ ಗೊತ್ತು?"

ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ನಾನು ಬರೆದಿದ್ದು," ಅಂದೆ.

"ಮಂಡಿ ನಂದು. ನೋವು ನಂದು. ಹಂಚೋಕೆ ನಿಂಗ್ಯಾರು ಹೇಳಿದ್ದು?"

"ಅವರೆಲ್ಲ ಒಳ್ಳೆಯವರು ಅಮ್ಮ."

"ಒಳ್ಳೆಯವರೇ ಇರ್ಲಿ. ಇವತ್ತು ಒಳ್ಳೆಯವಳು ಬಂದ್ಲು, ನಾಳೆ ಇನ್ನೆಂಥವನೋ ಬರ್ತಾನೆ. ಮನೆ ದಾರಿ ಬರೆದಿದೀಯಲ್ಲೇ, ಬುದ್ಧಿ ಇದೆಯಾ ನಿಂಗೆ? ಇನ್ನೇನೇನು ಬರೆದಿದೀಯ, ತಾ, ಎಲ್ಲ ಓದು."

ಎಲ್ಲವನ್ನೂ ಓದಿಸಿದಳು. ಮೂವತ್ತೆರಡು ಪತ್ರ. ಈರುಳ್ಳಿ ಹೆಚ್ಚಿದ್ದು ಹಾಗೇ ಒಣಗಿತು. ಅಪ್ಪ ಡಿಪೋದ ಮೇಲಧಿಕಾರಿಯನ್ನು ಅನುಕರಿಸಿ ತೋರಿಸಿದ ಪತ್ರ ಬಂದಾಗ ಅಪ್ಪನ ಕಿವಿ ಕೆಂಪಾಯಿತು. ಅಮ್ಮ ಒಮ್ಮೆ ಸಿಟ್ಟಿನಲ್ಲಿ ಖಾಲಿ ಪಾತ್ರೆಗೆ ಮುಚ್ಚಳ ಹಾಕಿ ಒಲೆಯ ಮೇಲಿಟ್ಟು ಹತ್ತು ನಿಮಿಷ ಕಾದ ಪತ್ರ ಬಂದಾಗ ಅಜ್ಜಿ, "ಏನಂತೆ, ಏನಂತೆ?" ಎಂದು ಕೇಳಿ, ಕಿವಿಯ ಹತ್ತಿರ ಹೇಳಿಸಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅದರಿಂದ ಅಮ್ಮನ ಸಿಟ್ಟು ಇಮ್ಮಡಿಯಾಯಿತು.

ಅಪ್ಪ ಕೊನೆಗೆ ಬಾಯಿಬಿಟ್ಟರು. ಅವರೂ ಹರೆಯದಲ್ಲಿ ಡಿಪೋದ ಸಂಗೀತ ತಂಡದಲ್ಲಿ ಮೌತ್ ಆರ್ಗನ್ ನುಡಿಸಿದವರು.

"ನಮ್ಮ ಕಾಲದಲ್ಲಿ ಕೇಳೋರು ಹಾಡು ಕೇಳಿ, ಎದ್ದು, ಕುರ್ಚಿ ಮಡಚಿಟ್ಟು ಮನೆಗೆ ಹೋಗ್ತಿದ್ರು. ನೀವು ಅವರನ್ನ ಮನೆಗೆ ಹೋಗೋಕೇ ಬಿಡಲ್ಲ ಅಂತೀರಲ್ಲಮ್ಮ."

"ಬಿಟ್ರೆ ವಾಪಸ್ ಬರಲ್ಲ ಅಪ್ಪ," ಅಂದಳು ಅಕ್ಕ. "ಅವರ ಕೈಯಲ್ಲಿ ಸಾವಿರ ಹಾಡು ಇದೆ. ಬೆರಳಾಡಿಸಿದ್ರೆ ಇನ್ನೊಬ್ಬಳು ಸಿಗ್ತಾಳೆ."

"ಹಾಡಿಗೆ ಬಂದವರು ಹಾಡಿಗೆ ಇರ್ಲಿ," ಅಂದಳು ಅಮ್ಮ. "ಇನ್ಮೇಲೆ ಈ ಮನೆ ಒಂದು ಸೂಜಿಯ ಸುದ್ದಿಯೂ ಹೊರಗೆ ಹೋಗಕೂಡದು."

ಹೋಗಲಿಲ್ಲ. ಮೂರು ಗುರುವಾರ ನಾನು ಮೋಡದ ಬಗ್ಗೆ, ಗಿಟಾರಿನ ಬಗ್ಗೆ, ತಾಳ್ಮೆಯ ಬಗ್ಗೆ ಬರೆದೆ. ಓದಿದರೆ ನನಗೇ ಆಕಳಿಕೆ ಬರುತ್ತಿತ್ತು. 'ಗೋದಾಮು' ಒಂದೇ ಸಾಲು ಬರೆದಿದ್ದ: "ಮನೆಯಲ್ಲಿ ಎಲ್ಲರೂ ಕ್ಷೇಮವೇ? ಯಾಕೋ ಯಾರ ದನಿಯೂ ಇಲ್ಲ." ಮೊದಲ ವಾರ ಇಪ್ಪತ್ತು ಜನ ಬಿಟ್ಟುಹೋದರು. ಎರಡನೇ ವಾರ ಮೂವತ್ತೆರಡು. ಮೂರನೇ ವಾರ ಅಕ್ಕ ಲೆಕ್ಕ ಹೇಳಲಿಲ್ಲ. ಬೆಳಿಗ್ಗೆ ಎದ್ದು ಕ್ಲಿನಿಕ್ಕಿಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಅಂಗಿಯನ್ನು ಹುಡುಕಿ, ಅಮ್ಮನ ಮುಂದೆ ಇಟ್ಟಳು.

"ಕಾಲರು ಸವೆದಿದೆ. ತಿರುಗಿಸಿ ಹಾಕಿಕೊಡ್ತೀಯಾ? ಡಾಕ್ಟರು ಇನ್ನೂ ಯಾರನ್ನೂ ತಗೊಂಡಿಲ್ವಂತೆ."

ಅಮ್ಮ ಕಾಲರನ್ನು ಬಿಚ್ಚಿದಳು. ಬಿಚ್ಚಿ, ಎರಡು ದಿನ ಹಾಗೇ ಇಟ್ಟುಕೊಂಡಳು. ಮೂರನೇ ದಿನ ಊಟಕ್ಕೆ ಕೂತಾಗ, ಯಾರನ್ನೂ ನೋಡದೆ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ಅಂದಳು:

"ಬರಿ. ಆದ್ರೆ ಹೋಗೋಕೆ ಮುಂಚೆ ಇಲ್ಲಿ ಓದ್ಬೇಕು. ಎಲ್ಲರ ಮುಂದೆ. ಬೀದಿ, ಟ್ಯಾಂಕು, ಬೋರ್ಡು ಏನೂ ಇರಕೂಡದು. ಯಾರು ಬೇಡ ಅಂದ್ರೂ ಆ ಸಾಲು ತೆಗೀಬೇಕು."

*

ಆ ಬುಧವಾರಗಳು.

ಈಗ ನಾವು ಯಾರೂ ಆ ಮನೆಯಲ್ಲಿಲ್ಲ. ಆದರೆ ಮನೆ ಎಂದು ಯಾರಾದರೂ ಹೇಳಿದರೆ ನನ್ನ ಕಣ್ಣಿಗೆ ಬರುವುದು ಆ ಬುಧವಾರದ ಊಟವೇ. ಸಂಜೆ ಏಳಕ್ಕೆಲ್ಲ ತಟ್ಟೆ ಹಾಕುತ್ತಿದ್ದೆವು. ಅಪ್ಪನಿಗೆ ಬೇಗ ಮಲಗಬೇಕು. ನಾನು ಎಡಗೈಯಲ್ಲಿ ಕಾಗದ ಹಿಡಿದು, ಅಜ್ಜಿಗೂ ಕೇಳುವಂತೆ ಗಂಟಲು ಹರಿದುಕೊಂಡು ಓದುತ್ತಿದ್ದೆ. ಪಕ್ಕದ ಮನೆಯವರಿಗೆ ಪತ್ರ ಗುರುವಾರಕ್ಕಿಂತ ಒಂದು ದಿನ ಮೊದಲೇ, ಪುಕ್ಕಟೆ ತಲುಪುತ್ತಿತ್ತು.

"ಬೇಳೆಗೆ ಉಪ್ಪು ಜಾಸ್ತಿಯಾಗಿತ್ತು ಅನ್ನೋದು ತೆಗಿ," ಅನ್ನುವಳು ಅಮ್ಮ.

"ನಿಜ ತಾನೇ?"

"ನಿಜ ಆದ್ರೇನು? ನಾವು ತಿಂದಿದ್ದು ಸಾಲ್ದು ಅಂತ ಊರಿಗೂ ಉಣ್ಣಿಸ್ಬೇಕಾ?"

ಅಪ್ಪನದು ಬೇರೆ ತಕರಾರು. "ಬಸ್ಸು ಗಕ್ಕನೆ ನಿಂತಿತು ಅಂತ ಬರೆದಿದೀಯ. ನನ್ನ ಬಸ್ಸು ಯಾವತ್ತೂ ಗಕ್ಕನೆ ನಿಂತಿಲ್ಲ. ನಿಧಾನಕ್ಕೆ ನಿಂತಿತು ಅಂತ ಹಾಕು."

ಅಜ್ಜಿ ಮಾತ್ರ ಒಂದು ಸಾಲನ್ನೂ ತೆಗೆಸಲಿಲ್ಲ. "ನಾನು ಹಾಗೆ ಬೈದಿರ್ಲಿಲ್ಲ ಕಣೇ," ಅಂದಳು ಒಮ್ಮೆ. ಎಲ್ಲರೂ ಅವಳ ಮುಖ ನೋಡಿದೆವು. "ಇನ್ನೂ ಜೋರಾಗಿ ಬೈದಿದ್ದೆ. ಅರ್ಧ ನುಂಗಿಬಿಟ್ಟಿದೀಯ. ಬರೆದ್ರೆ ಸರಿಯಾಗಿ ಬರಿ, ಇಲ್ಲಾಂದ್ರೆ ಬಿಡು."

"ಅತ್ತೆ, ನೀವು ಬೈದಿದ್ದು ನನ್ನನ್ನ," ಅಂದಳು ಅಮ್ಮ.

"ಅದಕ್ಕೇ ಹೇಳ್ತಿರೋದು, ನಿಂಗೆ ಅನ್ಯಾಯ ಆಗ್ಬಾರ್ದು."

ಅಂಥ ಒಂದು ಬುಧವಾರವೇ ಅಕ್ಕ ಅಪ್ಪನಿಗೆ ಕೇಳಿದ್ದು, ಮುಂದಿನ ಹಾಡಿಗೆ ಮೌತ್ ಆರ್ಗನ್ ನುಡಿಸುತ್ತೀರಾ ಎಂದು. ಅಪ್ಪ ಆಗಲ್ಲ, ಉಸಿರಿಲ್ಲ, ತುಟಿ ಒಣಗುತ್ತೆ ಎಂದು ಹತ್ತು ನೆಪ ಹೇಳಿದರು. ಮರುದಿನದಿಂದ ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದಾಗ ಡ್ರೈವರ್ ಸೀಟಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರಂತೆ. ಕಂಡಕ್ಟರು ಬಂದು ಅಮ್ಮನಿಗೆ ಚಾಡಿ ಹೇಳಿದ. ರೆಕಾರ್ಡಿಂಗಿನ ದಿನ ಅಪ್ಪ ಕ್ಷೌರ ಮಾಡಿಸಿಕೊಂಡು ಬಂದಿದ್ದರು. "ಕೇಳೋಕೆ ತಾನೇ, ನೋಡೋಕಲ್ವಲ್ಲ," ಎಂದು ಅಮ್ಮ ನಕ್ಕರೂ ಕಾಲರನ್ನು ಅವಳೇ ಸರಿಮಾಡಿದಳು. ಕೋಟುಗಳ ನಡುವೆ ಅಪ್ಪ, ಅಕ್ಕ ಇಬ್ಬರೇ ನಿಂತಿದ್ದರು. ಮೊದಲ ಬಾರಿಗೆ ಅಪ್ಪನ ಉಸಿರು ನಡುವೆಯೇ ಮುಗಿಯಿತು. ಎರಡನೆಯ ಬಾರಿಗೆ ಅಕ್ಕ ಅವರ ಉಸಿರಿಗೆ ತಕ್ಕಂತೆ ಹಾಡನ್ನು ನಿಧಾನ ಮಾಡಿದಳು. ಆ ಹಾಡು ಈಗಲೂ ಹಾಗೇ ನಿಧಾನವಾಗಿಯೇ ಇದೆ.

ಹೋದವರ ಜಾಗಕ್ಕೆ ಹೊಸಬರು ಬಂದರು. ನಾನೂರ ಅರವತ್ತಾದರು. ಒಂದು ಭಾನುವಾರ ಮಧ್ಯಾಹ್ನಕ್ಕೆ ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿದ್ದ ಸಣ್ಣ ಸಭಾಂಗಣವನ್ನು ಬಾಡಿಗೆಗೆ ಹಿಡಿದಳು ಅಕ್ಕ. ಎಂಬತ್ತು ಕುರ್ಚಿ. ಪೋಸ್ಟರಿಲ್ಲ, ಜಾಹೀರಾತಿಲ್ಲ, ಪತ್ರದಲ್ಲಿ ನಾಲ್ಕು ಸಾಲು ಅಷ್ಟೇ. ಎಪ್ಪತ್ತೊಂದು ಜನ ಬಂದರು. ನಾನು ಬಾಗಿಲ ಬಳಿ ಟಿಕೆಟಿನ ಮೇಜಿಗೆ ಕೂತಿದ್ದೆ. ಬಂದವರೆಲ್ಲ ಮೊದಲು ಕೇಳಿದ್ದು, "ಅಮ್ಮ ಬಂದಿದ್ದಾರಾ?"

ಅಮ್ಮ ಕೊನೆಯ ಸಾಲಿನಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಗೆ ಬಂದವಳಂತೆ ಕೂತಿದ್ದಳು. ಜನ ಹೋಗಿ ಮಾತಾಡಿಸಿದರು. ಯಾರೋ ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ ತಂದಿದ್ದರು. ಅಮ್ಮ ಬೇಡ ಬೇಡ ಅನ್ನುತ್ತಲೇ ಅದನ್ನು ಚೀಲಕ್ಕೆ ಹಾಕಿಕೊಂಡಳು.

ನಾಲ್ಕು ಹಾಡಾದ ಮೇಲೆ ಹಿಂದಿನಿಂದ ಒಬ್ಬರು, "ಒಂದು ಪತ್ರ ಓದಿ," ಅಂದರು. ಇನ್ನಿಬ್ಬರು ದನಿಗೂಡಿಸಿದರು. ಅಕ್ಕ ಫೋನು ತೆಗೆದು ಓದಿದಳು. ಓದಿನಲ್ಲಿ ಜೀವವಿರಲಿಲ್ಲ. ಜನ ನಗಬೇಕಾದಲ್ಲಿ ನಿಲ್ಲಲಿಲ್ಲ, ನಿಲ್ಲಬಾರದ ಕಡೆ ನಿಂತಳು. ಮುಗಿದಾಗ ಮುಂದಿನ ಸಾಲಿನ ಒಬ್ಬ ಹೆಂಗಸು ಎದ್ದರು. ಐವತ್ತರ ಸುಮಾರು, ದಣಿದ ಮುಖ.

"ನಾನು ಆರನೇ ವಾರ್ಡು. ಡ್ಯೂಟಿ ಮುಗಿದ ಮೇಲೆ ಮೊದಲು ನಿಮ್ಮ ಪತ್ರ ಓದ್ತೀನಿ, ಆಮೇಲೆ ಹಾಡು ಕೇಳ್ತೀನಿ. ನೀವು ಬರೆಯೋವಾಗ ಹೇಗೆ ಬರೀತೀರಿ, ಒಂದೆರಡು ಮಾತು ಹೇಳಿ."

ಅಕ್ಕ ಫೋನನ್ನು ಕುರ್ಚಿಯ ಮೇಲಿಟ್ಟಳು. ಸುಳ್ಳು ಹೇಳುವುದು ಸುಲಭವಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಪತ್ರ ನಾನು ಬರೆಯಲ್ಲ," ಅಂದಳು. "ನನ್ನ ತಂಗಿ ಬರೀತಾಳೆ. ಶುರುವಿಂದ ಅವಳೇ. ಅಲ್ಲಿ, ಬಾಗಿಲ ಹತ್ರ ಕೂತಿದ್ದಾಳೆ."

ಎಪ್ಪತ್ತೊಂದು ತಲೆಗಳೂ ತಿರುಗಿದವು. ಯಾರೋ ಬನ್ನಿ ಮೇಲೆ ಅಂದರು. ಹೋಗಬಾರದಿತ್ತೇನೋ, ಹೋದೆ. ಅದೇ ಪತ್ರವನ್ನು ಮತ್ತೆ ಓದಿಸಿದರು. ಜನ ನಕ್ಕರು, ಕಣ್ಣೊರೆಸಿಕೊಂಡರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಲ್ಕು ಹಾಡಿಗೂ ಅವರು ಎದ್ದಿರಲಿಲ್ಲ. ನನ್ನ ಪಕ್ಕದಲ್ಲಿ ಅಕ್ಕ ಆಗಲೇ ಸರಿಯಾಗಿದ್ದ ತಂತಿಯನ್ನು ಮತ್ತೆ ಮತ್ತೆ ಶ್ರುತಿ ಮಾಡುತ್ತಿದ್ದಳು. ನನಗೆ ಸಂತೋಷವಾಗಿತ್ತು. ಅದನ್ನು ಅವಳು ನೋಡಿದಳು.

*

ಮರುದಿನ ಬೆಳಿಗ್ಗೆ ಹಿತ್ತಲ ಕಲ್ಲಿನ ಬಳಿ ಬಟ್ಟೆ ಹಿಂಡುತ್ತಿದ್ದೆವು. ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ.

"ನನ್ನ ಹಾಡಿಗೆ ಬಂದವರು ನಿನಗೆ ಎದ್ದು ನಿಂತ್ರು," ಅಂದಳು.

"ನಾನು ಕೇಳಿದ್ನಾ? ಹೇಳಿದ್ದು ನೀನು."

"ಹೇಳದೆ ಇದ್ದಿದ್ರೆ ನಾನು ಕಳ್ಳಿ ಆಗ್ತಿದ್ದೆ."

"ಇಷ್ಟು ದಿನ ಏನಾಗಿದ್ದೆ ಮತ್ತೆ?"

ಮಾತು ಬಾಯಿಂದ ಬಿದ್ದ ಮೇಲೆ ಅದರ ಮೊನೆ ಗೊತ್ತಾಯಿತು. ಅಕ್ಕ ತನ್ನ ತುದಿಯನ್ನು ಬಿಟ್ಟಳು. ಬೆಡ್‌ಶೀಟು ಕೆಸರಿಗೆ ಬಿತ್ತು.

"ಇನ್ನು ನೀನು ಬರೀಬೇಡ."

"ಬರೆಯಲ್ಲ."

ಹನ್ನೊಂದು ದಿನ ನಾವು ಮಾತಾಡಲಿಲ್ಲ. ಒಂದೇ ಕೋಣೆಯಲ್ಲಿ ಮಲಗುವವರು ಮಾತಾಡದಿರುವುದು ದೊಡ್ಡ ಕೆಲಸ. ಹೇಳಲೇಬೇಕಾದದ್ದನ್ನು ಅಜ್ಜಿಯ ಮೂಲಕ ಹೇಳಿಸುತ್ತಿದ್ದೆವು.

"ಅಜ್ಜಿ, ಸೋಪು ಮುಗಿದಿದೆ ಅಂತ ಅವಳಿಗೆ ಹೇಳು."

"ಟೋಪಿ ಯಾಕೆ ಈಗ, ಬಿಸಿಲೇ ಇಲ್ವಲ್ಲ," ಅನ್ನುವಳು ಅಜ್ಜಿ. ನಗು ಬಂದರೂ ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ನುಂಗಿಕೊಳ್ಳುತ್ತಿದ್ದೆವು.

ಆ ಗುರುವಾರ ಹಾಡು ಒಂದೇ ಹೋಯಿತು. ಸಭಾಂಗಣದ ಸುದ್ದಿ ಆಗಲೇ ಹರಡಿತ್ತು. ಐವತ್ಮೂರು ಜನ ಬಿಟ್ಟುಹೋದರು. ಒಬ್ಬರು ಬರೆದಿದ್ದರು: "ನಿಮ್ಮ ಮಾತು ಎಂದು ನಂಬಿ ನನ್ನ ಮನೆಯ ಕಷ್ಟವನ್ನೆಲ್ಲ ನಿಮಗೆ ಬರೆದೆ. ಓದಿದ್ದು ಯಾರೋ, ಉತ್ತರಿಸಿದ್ದು ಯಾರೋ." ಅಕ್ಕ ಆ ಫೋನನ್ನು ಹಾಗೇ ಊಟದ ಮೇಜಿನ ಮೇಲೆ ಬಿಟ್ಟು ಎದ್ದುಹೋದಳು. ಅಮ್ಮ ಓದಿದಳು. ನಾನೂ ಓದಿದೆ.

ಎರಡನೆಯ ಬುಧವಾರ ತಟ್ಟೆ ಹಾಕಿದೆವು. ಓದುವವರಿಲ್ಲ. ಅಜ್ಜಿ ಎರಡು ಸಲ ನನ್ನ ಎಡಗೈ ನೋಡಿದಳು.

"ಇವತ್ತು ಬುಧವಾರ ಅಲ್ವೇನೋ?" ಎಂದು ಅಪ್ಪನನ್ನು ಕೇಳಿದಳು.

"ಬುಧವಾರವೇ ಅಮ್ಮ."

"ಮತ್ತೆ?"

ಅಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು.

ಮರುದಿನ ಮೂರಕ್ಕೆ ಅಮ್ಮ ಮಷೀನು ನಿಲ್ಲಿಸಿ, ನಮ್ಮಿಬ್ಬರನ್ನೂ ಒಳಗೆ ಕಳಿಸಿ, ಅಂಗಡಿಯ ಬಾಗಿಲು ಹಾಕಿಕೊಂಡಳು. ಅಪ್ಪ ಕಿಂಡಿಯಲ್ಲಿ ಇಣುಕಿ ಬಂದು, "ಅಳತೆ ಕಾಗದ ಹಾಸ್ಕೊಂಡು ಕೂತಿದ್ದಾಳೆ, ಬಟ್ಟೆ ಕಾಣ್ತಿಲ್ಲ," ಅಂದರು. ನಾಲ್ಕೂವರೆಗೆ ಬಾಗಿಲು ತೆರೆಯಿತು. ಬಟ್ಟೆ ಕತ್ತರಿಸಲು ಅಳತೆ ಬರೆಯುವ ಕಂದು ಕಾಗದದ ದೊಡ್ಡ ಹಾಳೆ, ಅದರ ತುಂಬ ಪೆನ್ಸಿಲಿನ ದಪ್ಪ ಅಕ್ಷರ. ಅಕ್ಕನ ಕೈಗೆ ಕೊಟ್ಟಳು.

"ಫೋಟೋ ಹೊಡೆದು ಕಳಿಸು. ಇವತ್ತು ಗುರುವಾರ."

ಅಕ್ಕ ನಿಂತಲ್ಲೇ ಓದಿದಳು. ನಾನು ಅವಳ ಹೆಗಲ ಹಿಂದೆ ನಿಂತು ಓದಿದೆ.

"ಹಾಡು ಕೇಳುವ ಎಲ್ಲರಿಗೂ,

ನಾನು ಇವರ ತಾಯಿ. ಏಳನೇ ಕ್ಲಾಸು ಓದಿದ್ದೇನೆ. ತಪ್ಪಿದ್ದರೆ ಶಮಿಸಿ.

ನನ್ನ ಮಕ್ಕಳು ಮಾತಾಡುತ್ತಿಲ್ಲ. ಅದಕ್ಕೆ ಪತ್ರ ಇಲ್ಲ. ಹಾಡು ಇದೆ, ಕೇಳಿ.

ಮೋಸ ಆಯಿತು ಅಂತ ಕೆಲವರು ಬರೆದಿದ್ದೀರಿ. ಹೇಳದೆ ಇದ್ದದ್ದು ತಪ್ಪೇ. ನಿಮ್ಮ ಕಷ್ಟ ಓದಿದವಳು ಅದನ್ನು ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಅದು ನನಗೆ ಗೊತ್ತು.

ಕಿರಿಯವಳು ಹುಟ್ಟಿದಾಗ ಹಿರಿಯವಳಿಗೆ ಆರು ವರ್ಷ. ನಾನು ಮಷೀನಿಗೆ ಕೂತರೆ ಅವಳೇ ತೊಟ್ಟಿಲು ತೂಗುತ್ತಿದ್ದಳು. ಅವಳಿಗೆ ಒಂದೇ ಹಾಡು ಬರುತ್ತಿತ್ತು, ಅದೂ ಅರ್ಧ. ಮಿಕ್ಕ ಅರ್ಧಕ್ಕೆ ಆ ದಿನ ಮನೆಯಲ್ಲಿ ಆದದ್ದನ್ನು ಸೇರಿಸಿ ಹಾಡುತ್ತಿದ್ದಳು. ಹಾಲು ಒಡೆಯಿತು, ಅಪ್ಪ ಬಂದ, ಅಜ್ಜಿ ಬೈದಳು ಅಂತ. ಕಿರಿಯವಳು ಅದನ್ನೇ ಕೇಳಿ ಕೇಳಿ ನಿದ್ದೆ ಮಾಡಿದವಳು. ಈಗ ಅವಳು ಬರೆಯುವುದೂ ಅದನ್ನೇ. ಇದರಲ್ಲಿ ಯಾರದು ಎಷ್ಟು ಅಂತ ನಾನು ಅಳೆದು ಹೇಳಲಾರೆ.

ಮುಂದಿನ ವಾರ ಮಾತಾಡುತ್ತಾರೆ.

ಇತಿ, ತಾಯಿ."

ಅಕ್ಕ ಹಾಳೆಯನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಒಂದೊಂದು ದಾರದ ಉಂಡೆ ಇಟ್ಟಳು. ಫೋನು ಎತ್ತಿದವಳು ಇಳಿಸಿದಳು.

"ಶಮಿಸಿ ಅಂತ ಇದೆ," ಅಂದಳು. "ತಿದ್ದೋದಾ?"

ಅಜ್ಜಿ ಅಲ್ಲೇ ಇದ್ದಳು, ಆದರೆ ಅಕ್ಕ ಕೇಳಿದ್ದು ನನ್ನನ್ನು. "ಬೇಡ," ಅಂದೆ. "ಹಾಗೇ ಇರ್ಲಿ."

"ನೆರಳು ಬೀಳ್ತಿದೆ. ಆ ಕಡೆ ಸರಿ."

ಸರಿದೆ. ಫೋಟೋ ಹೋಯಿತು.

*

ಬಿಟ್ಟುಹೋದ ಐವತ್ಮೂರರಲ್ಲಿ ಹನ್ನೆರಡು ಜನ ವಾಪಸು ಬಂದರು. ಮಿಕ್ಕವರು ಬರಲಿಲ್ಲ, ಮನೆಯ ಕಷ್ಟವನ್ನೆಲ್ಲ ನಿಮಗೆ ಬರೆದೆ ಎಂದವರಂತೂ ಬರಲೇ ಇಲ್ಲ. ಮುಂದೆ ಪತ್ರಗಳ ಕೆಳಗೆ ಎರಡು ಹೆಸರು ಇರುತ್ತಿತ್ತು. ಇನ್ನೂ ಮೂರು ವರ್ಷ ಅದು ನಡೆಯಿತು. ಆಮೇಲೆ ನನಗೆ ಬೇರೆ ಊರಲ್ಲಿ ಪತ್ರಿಕೆಯೊಂದರ ಕೆಲಸ ಸಿಕ್ಕಿತು. ಅಜ್ಜಿ ಹೋದಳು. ಅಪ್ಪ ನಿವೃತ್ತರಾದರು. ಮನೆಯ ಮಾಲೀಕರು ಮನೆ ಮಾರಿದರು. ಅಕ್ಕ ಈಗ ಮಕ್ಕಳಿಗೆ ಗಿಟಾರು ಕಲಿಸಿಕೊಂಡು, ಗುರುವಾರ ಗುರುವಾರ ಹಾಡು ಕಳಿಸಿಕೊಂಡು ಇದ್ದಾಳೆ. ಐನೂರು ಮಂದಿ ಬೇಕು ಅಂದಿದ್ದಳು, ಆರುನೂರರ ಹತ್ತಿರ ಇದ್ದಾರೆ. ಪತ್ರ ಅವಳೇ ಬರೆಯುತ್ತಾಳೆ, ಐದಾರು ಸಾಲು. ಚೆನ್ನಾಗಿರುತ್ತವೆ. ನಾನೂ ಹಣ ಕಟ್ಟಿ ತರಿಸಿಕೊಳ್ಳುತ್ತೇನೆ.

ಆ ಗುರುವಾರದ ಸಂಜೆ ಮಾತ್ರ ಹೇಳಿ ಮುಗಿಸುತ್ತೇನೆ. ಊಟಕ್ಕೆ ಕೂತಿದ್ದೆವು. ಮೇಜಿನ ಮೇಲೆ ಫೋನು ಸುಮ್ಮನಿರಲೇ ಇಲ್ಲ. ಅಕ್ಕ ಒಂದೊಂದಾಗಿ ಓದುತ್ತಿದ್ದಳು. ಅಮ್ಮ ಕೇಳದವಳಂತೆ ಬಡಿಸುತ್ತಿದ್ದಳು.

"ಎಷ್ಟು ಬಂದ್ವು?" ಎಂದು ಕೇಳಿದಳು ಕೊನೆಗೆ.

"ನೂರಾ ಹನ್ನೆರಡು. ಇನ್ನೂ ಬರ್ತಾ ಇವೆ."

ಅಮ್ಮ ಸೌಟನ್ನು ಪಾತ್ರೆಯಲ್ಲಿಟ್ಟಳು. "ಪೆನ್ಸಿಲು ಚೂಪು ಮಾಡಿಡು."

"ಯಾಕಮ್ಮ? ಎಲ್ಲರಿಗೂ ಸೇರಿಸಿ ಒಂದೇ ಸಲ ಥ್ಯಾಂಕ್ಸ್ ಅಂತ ಕಳಿಸಿದ್ರಾಯ್ತು."

"ಪತ್ರ ಬರೆದವರು ಬೇರೆ ಬೇರೆ ತಾನೇ? ಉತ್ತರ ಒಂದೇ ಹೇಗಾಗುತ್ತೆ?"

ಅವಳು ನೂರಾ ಹನ್ನೆರಡಕ್ಕೂ ಬರೆದಳು. ಆಮೇಲೆ ಬಂದ ಮೂವತ್ತಕ್ಕೂ ಬರೆದಳು. ಹಗಲೆಲ್ಲ ಕತ್ತರಿಸುವ ಮೇಜಿನ ಮೇಲೆ ಬಗ್ಗಿ ಒಂದೊಂದಾಗಿ, ಕಾಗದ ಮುಗಿದರೆ ಹಿಂಬದಿಗೆ. ಫೋಟೋ ಹೊಡೆದು ಕಳಿಸುವುದು ಅಕ್ಕನ ಕೆಲಸ, ಯಾರಿಗೆ ಯಾವುದು ಎಂದು ಹೊಂದಿಸುವುದು ನನ್ನದು. ಶಾಲೆ ಆಗಷ್ಟೇ ತೆರೆದಿತ್ತು. ಉದ್ದ ಬಿಡಿಸಲು ಕೊಟ್ಟ ಯೂನಿಫಾರ್ಮುಗಳು ಮೂಲೆಯಲ್ಲಿ ಬೆಟ್ಟದಂತೆ ಬೆಳೆದವು. ಆ ತಿಂಗಳು ನಮ್ಮ ಬೀದಿಯ ಅರ್ಧಕ್ಕರ್ಧ ಮಕ್ಕಳು ಗಿಡ್ಡ ಪ್ಯಾಂಟಿನಲ್ಲೇ ಶಾಲೆಗೆ ಹೋದರು.